ಜಲಪಾತದ ಹಿಂದಿನ ಗೋಡೆ

9 ಜನವರಿ

ಅಕ್ಕನವರಿಗೆ ನಮಸ್ಕಾರ.

ಫೋನಿನಲ್ಲಿ ಮೆಲ್ಲಗೆ ಹೇಳಿದರೆ ನಿಮಗೆ ಕೇಳಿಸುವುದಿಲ್ಲ, ಕೂಗಿ ಹೇಳಿದರೆ ಈ ಕಟ್ಟಡದ ಮೂರು ಅಂತಸ್ತಿಗೂ ಕೇಳಿಸುತ್ತದೆ. ಹೇಳಬೇಕಾದ ವಿಷಯವೋ, ನಾಲ್ಕು ಜನ ಕೇಳುವಂಥದ್ದಲ್ಲ. ಅದಕ್ಕೇ ಈ ಕಾಗದ.

ನಿಮ್ಮ ಮನೆಗೆ ಬಾಡಿಗೆಗೆ ಬಂದು ಏಳು ವರ್ಷವಾಯಿತು. ಒಂದು ಮೊಳೆ ಹೊಡೆಯಬೇಕಾದರೂ ನಿಮ್ಮನ್ನು ಕೇಳಿ ಹೊಡೆದವಳು ನಾನು. ನಲ್ಲಿ ಕೆಟ್ಟಾಗ, ಕಿಟಕಿಯ ಗಾಜು ಒಡೆದಾಗ ನಾನೇ ಸರಿಮಾಡಿಸಿದೆ, ನಿಮ್ಮ ಕಿವಿಗೂ ಹಾಕಲಿಲ್ಲ. ಈಗಿನದು ಮಾತ್ರ ನನ್ನ ಕೈಮೀರಿದ್ದು. ಚಿಕ್ಕ ಕೋಣೆಯ ಚಾವಣಿಯ ಮೂಲೆಯಿಂದ ನೀರು ಜಿನುಗಿ, ಗೋಡೆಯ ಮೇಲೆ ಆಳುದ್ದ ಇಳಿದಿದೆ. ಸರಿಯಾಗಿ ಅದರ ಮೇಲಿರುವುದು ನಿಮ್ಮ ತಮ್ಮನ ಮಗ ಇರುವ ಮನೆಯ ಪಾಯಿಖಾನೆ.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಹಾಸಿಗೆ ಬಟ್ಟೆಯ ಮೇಲಿನ ಕಲೆ ನೋಡಿ ಅದು ಔಷಧಿಯೋ, ರಕ್ತವೋ, ಇನ್ನೇನೋ ಅಂತ ಹೇಳುವುದೇ ನನ್ನ ಅನ್ನ. ಇದು ನಲ್ಲಿ ನೀರಲ್ಲ ಅಕ್ಕಾ. ಇದಕ್ಕಿಂತ ಬಿಡಿಸಿ ಬರೆಯಲು ನನಗೇ ಹೇಸಿಗೆ.

ಮಗಳಿಗೆ ಮುಂದಿನ ತಿಂಗಳು ಹೆರಿಗೆ. ಅಳಿಯ ಹಡಗಿನಲ್ಲಿ ಕೆಲಸ ಮಾಡುವವನು, ಮಾರ್ಚಿನಲ್ಲಿ ಹೊರಟರೆ ಆರು ತಿಂಗಳು ಬರುವುದಿಲ್ಲ. ಏಪ್ರಿಲ್ ಹತ್ತನೇ ತಾರೀಕು ಮಗು ಎತ್ತಿಕೊಂಡು ನನ್ನ ಹತ್ತಿರ ಬರುತ್ತಾಳೆ. ಆ ಚಿಕ್ಕ ಕೋಣೆ ಬಿಟ್ಟರೆ ಅವರನ್ನು ಮಲಗಿಸಲು ನನ್ನಲ್ಲಿ ಜಾಗವಿಲ್ಲ. ಅಷ್ಟರೊಳಗೆ ಮೇಲಿನದನ್ನು ರಿಪೇರಿ ಮಾಡಿಸಿಕೊಡಬೇಕು.

ಫೋಟೊ ಇಟ್ಟಿದ್ದೇನೆ. ತೆಗೆಯುವ ಮೊದಲು ಗೋಡೆಯನ್ನು ಸೋಪುನೀರಿನಲ್ಲಿ ಒಂದು ಸಲ ಒರೆಸಿದೆ. ಅಂಥ ಗಲೀಜನ್ನು ಹಾಗೇ ನಿಮ್ಮ ಕೈಗೆ ಕೊಡಲು ಮನಸ್ಸು ಬರಲಿಲ್ಲ.

ಇತಿ,
ನಿಮ್ಮ ತಂಗಿಯಂಥವಳು


20 ಜನವರಿ

ಪ್ರೀತಿಯ ತಂಗಿಗೆ ಆಶೀರ್ವಾದ.

ಕಾಗದ ಬಂತು, ಓದಿ ಸಂತೋಷವಾಯಿತು. ಅಂತೂ ಅಜ್ಜಿಯಾಗುತ್ತಿದ್ದೀ! ನನಗೆ ಇಲ್ಲಿ ಮೊಣಕಾಲು ಒಂದು ಕಡೆ, ಕಿವಿ ಒಂದು ಕಡೆ. ಎಡಗಿವಿ ಪೂರ್ತಿ ಹೋಯಿತು, ಬಲಗಿವಿಯೂ ಅದರ ಹಿಂದೆಯೇ ಹೊರಟಿದೆ.

ಫೋಟೊವನ್ನು ಭೂತಗನ್ನಡಿ ಇಟ್ಟು ನೋಡಿದೆ. ನಲವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕಣ್ಣು ಇದು, ತಪ್ಪೇನಾದರೂ ಇದ್ದರೆ ಬಿಡುವುದಿಲ್ಲ. ನಿಜ ಹೇಳಲೇ? ನನ್ನ ಮನೆಯ ಗೋಡೆಯೇ ಅಷ್ಟು ಚೊಕ್ಕಟವಾಗಿಲ್ಲ. ಮೂಲೆಯಲ್ಲಿ ಒಂದಿಷ್ಟು ಹಳದಿ ಇದೆ, ಹಳೆಯ ಮನೆ ಅಂದಮೇಲೆ ಅಷ್ಟು ಇರದೆ ಇರುತ್ತದೆಯೇ? ಕಿಟಕಿ ತೆರೆದಿಡು, ಗಾಳಿಯಾಡಲಿ. ತಮ್ಮನ ಮಗನನ್ನೂ ಕೇಳಿದೆ. ಮೇಲೆ ಏನೂ ತೊಂದರೆ ಇಲ್ಲವಂತೆ.

ನಮ್ಮ ನಮ್ಮಲ್ಲಿ ಕರಾರು ಪತ್ರ ಯಾಕೆ ಅಂತ ಏಳು ವರ್ಷದ ಹಿಂದೆ ನಾನೇ ಹೇಳಿದ್ದೆ, ನೆನಪಿದೆಯಾ? ಸ್ವಂತ ಮನೆ ಅಂತಲೇ ತಿಳಿದುಕೊಂಡು ಇರು. ಆ ಮೂಲೆ ಕಣ್ಣಿಗೆ ಚುಚ್ಚುವುದಾದರೆ ಅದರ ಮೇಲೆ ತೂಗುಹಾಕು ಅಂತ ಕಟ್ಟು ಹಾಕಿಸಿದ ಒಂದು ಚಿತ್ರ ಕಳಿಸಿದ್ದೇನೆ. ದೊಡ್ಡದಾಗಿದೆ, ಮಗುವಿಗೂ ನೋಡಲು ಚೆಂದ.

ಇತಿ,
ಅಕ್ಕ


2 ಫೆಬ್ರವರಿ

ಅಕ್ಕನವರಿಗೆ ನಮಸ್ಕಾರ.

ಚಿತ್ರ ಬಂತು. ಜಲಪಾತದ ಚಿತ್ರ. ನೀರು ಇಳಿಯುವ ಗೋಡೆಗೆ ತೂಗುಹಾಕಲು ಇಡೀ ಅಂಗಡಿಯಲ್ಲಿ ನಿಮಗೆ ಸಿಕ್ಕಿದ್ದು ಜಲಪಾತವೇ! ನಗಬೇಕೋ ಅಳಬೇಕೋ ತಿಳಿಯದೆ ಮಂಚದ ಕೆಳಗೆ ತಳ್ಳಿದ್ದೇನೆ.

ಮೊನ್ನೆ ಆ ಮಂಚದ ಮೇಲೆ ಕೂತು ಹುಟ್ಟುವ ಮಗುವಿಗೆ ಅಂತ ಹಳೆಯ ಮೆತ್ತನೆ ಬಟ್ಟೆ ಮಡಚುತ್ತಿದ್ದೆ. ಮೇಲಿನವರು ನೀರು ಬಿಟ್ಟ ಸದ್ದು ಬಂತು. ಹತ್ತು ಎಣಿಸುವಷ್ಟರಲ್ಲಿ ಮಡಚಿಟ್ಟ ಬಟ್ಟೆಯ ಮೇಲೆ ತೊಟಕ್ ಅಂತ ಒಂದು ಹನಿ. ಮೂಸಿ ನೋಡಬಾರದಿತ್ತು, ನೋಡಿದೆ. ಆ ದಿನ ನನಗೆ ಊಟ ಸೇರಲಿಲ್ಲ. ಆಸ್ಪತ್ರೆಯಲ್ಲಿ ದಿನಕ್ಕೆ ಇನ್ನೂರು ಗಲೀಜು ಚಾದರ ಮುಟ್ಟುವವಳು ಹೇಳುತ್ತಿದ್ದೇನೆ.

ಮೇಲೆ ಹೋದೆ. ನಿಮ್ಮ ತಮ್ಮನ ಮಗ ಹಲ್ಲುಜ್ಜುತ್ತಲೇ ಬಾಗಿಲು ತೆಗೆದ. "ಆಂಟಿ, ಹಳೇ ಬಿಲ್ಡಿಂಗು, ಬೆವರುತ್ತೆ" ಅಂದ. ಬೆವರುತ್ತದಂತೆ! ಬೆವರಿನ ಬಣ್ಣ ಯಾವುದು, ವಾಸನೆ ಯಾವುದು ಅಂತ ನನಗೆ ಹೇಳಿಕೊಡಲು ಬಂದ. "ಒಂದ್ಸಲ ಬಂದು ನೋಡಪ್ಪಾ" ಅಂದೆ. "ಆಯ್ತು ಆಂಟಿ, ಬರ್ತೀನಿ" ಅಂದವನು ಇವತ್ತಿನವರೆಗೆ ಪತ್ತೆಯಿಲ್ಲ.

ನಾನೇ ಒಬ್ಬ ಪ್ಲಂಬರನ್ನು ಕರೆಸಿದೆ. ಚಾವಣಿಗೆ ಕೈ ಇಟ್ಟವನೇ ಕೈ ಹಿಂದಕ್ಕೆ ಎಳೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡ. "ಮೇಲೆ ಕಮೋಡಿನ ಬುಡ ಬಿಟ್ಟಿದೆ ಅಕ್ಕಾ, ಅಲ್ಲಿ ನೆಲ ಒಡೀಬೇಕು. ಕೆಳಗೆ ನೀವು ಬಂಗಾರ ಮೆತ್ತಿದ್ರೂ ನಿಲ್ಲಲ್ಲ" ಅಂದ. ಒಡೆಯಲು ನಿಮ್ಮ ಒಪ್ಪಿಗೆ ಬೇಕು. ಒಂದು ಸಾಲು ಬರೆದುಕೊಟ್ಟರೆ ಸಾಕು, ಅವನು ನಾಳೆಯೇ ಬರುತ್ತಾನೆ.

ಇನ್ನೆರಡು ಫೋಟೊ ಇಟ್ಟಿದ್ದೇನೆ. ಈ ಸಲ ಒರೆಸಬಾರದು ಅಂತಲೇ ಇದ್ದೆ. ಆದರೆ ಫೋಟೊ ತೆಗೆಯಲು ಪಕ್ಕದ ಮನೆಯಾಕೆ ಬರುತ್ತೇನೆ ಅಂದಳು. ಅವಳು ಒಳಗೆ ಬರುವಾಗ ಹಾಗೇ ಹೇಗೆ ಬಿಡಲಿ? ಒರೆಸಿಬಿಟ್ಟೆ.

ಇತಿ,
ತಂಗಿ


15 ಫೆಬ್ರವರಿ

ತಂಗಿಗೆ ಆಶೀರ್ವಾದ.

ನಿನ್ನ ಕಾಗದದ ಧಾಟಿ ನನಗೆ ಹಿಡಿಸಲಿಲ್ಲ. ಪ್ರೀತಿಯಿಂದ ಕಳಿಸಿದ ಚಿತ್ರವನ್ನು ಮಂಚದ ಕೆಳಗೆ ತಳ್ಳುವುದೇ? ಹೋಗಲಿ.

ಪ್ಲಂಬರುಗಳ ಮಾತು ಕೇಳಬೇಡ. ಒಡೆಯಿರಿ ಅನ್ನದ ಪ್ಲಂಬರನ್ನು ನಾನು ಕಂಡಿಲ್ಲ. ಮೇಲಿನ ಮನೆಯ ಬಚ್ಚಲು, ಪಾಯಿಖಾನೆ ಎಲ್ಲವನ್ನೂ ಹುಡುಗ ಹೋದ ಆಗಸ್ಟಿನಲ್ಲಿ ಹೊಸದಾಗಿ ಮಾಡಿಸಿದ್ದಾನೆ. ಎಷ್ಟು ಚೆಂದದ ಕಲ್ಲು ಹಾಕಿಸಿದ್ದಾನೆ ಅಂತೀ! ಅದನ್ನು ಒಡೆಯಲು ಹೇಗೆ ಹೇಳಲಿ?

ಲೋಕದಲ್ಲಿ ಒಂದು ರೀತಿ ಇದೆ. ಗೋಡೆಯ ಒಳಗಿನದು ಮಾಲೀಕರದು, ಗೋಡೆಯ ಮೇಲಿನದು ಬಾಡಿಗೆಯವರದು. ಬಣ್ಣ, ಕಲೆ, ಮೊಳೆ ಎಲ್ಲ ಮೇಲಿನದು. ಆದರೂ ನನ್ನ ಕೈಲಾದ್ದು ಮಾಡುತ್ತೇನೆ. ಒಂದು ಡಬ್ಬ ಬಿಳಿ ಬಣ್ಣ ಹುಡುಗನ ಕೈಯಲ್ಲಿ ಕೊಡಿಸುತ್ತೇನೆ. ಬಳಿಸಿಕೋ. ನಿನ್ನ ಹೊಸ ಫೋಟೊಗಳನ್ನೂ ನೋಡಿದೆ, ಎರಡರಲ್ಲೂ ಗೋಡೆ ಪಳಪಳ ಅನ್ನುತ್ತಿದೆ.

ಬಾಡಿಗೆ ಇಳಿಸಲಿ ಅನ್ನುವ ಆಸೆ ಇದ್ದರೆ ನೇರವಾಗಿ ಕೇಳು ತಂಗಿ. ಸುತ್ತಿ ಬಳಸಿ ಬರೆಯಬೇಡ.

ಅಕ್ಕ


1 ಮಾರ್ಚ್

ಮನೆ ಮಾಲೀಕರಿಗೆ,

ಇನ್ನು ಮೇಲೆ ಅಕ್ಕ ಅಂತ ಬರೆಯಲು ನನ್ನ ಪೆನ್ನು ಏಳುತ್ತಿಲ್ಲ. ಕ್ಷಮಿಸಿ.

ಮೇಲೆ ಕೆಲಸ ಮಾಡಿಸಿದ್ದು ಹೋದ ಆಗಸ್ಟಿನಲ್ಲಿ ಅಂತ ನೀವೇ ಬರೆದಿದ್ದೀರಿ. ನನ್ನ ಗೋಡೆಗೆ ತೇವ ಬಂದದ್ದು ಸೆಪ್ಟೆಂಬರಿನಲ್ಲಿ. ಮಕ್ಕಳ ಲೆಕ್ಕ ತಿದ್ದಿದವರಿಗೆ ಇದನ್ನು ನಾನು ಕೂಡಿಸಿ ತೋರಿಸಬೇಕೇ?

ನೀವು ಕೊಡಿಸಿದ ಬಣ್ಣ ಬಳಿದೆ. ಮೂರು ದಿನ ಕೋಣೆ ಮದುಮಗಳ ಹಾಗಿತ್ತು. ನಾಲ್ಕನೇ ದಿನ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಐದನೇ ದಿನ ಆ ಕೆನೆ ಉಬ್ಬಿ ಒಡೆದು, ಅದರ ಹಿಂದೆ ಕೂಡಿಟ್ಟಿದ್ದೆಲ್ಲ ಒಮ್ಮೆಗೇ ನೆಲಕ್ಕೆ ಇಳಿಯಿತು. ಥೂ! ಈಗ ಸಣ್ಣ ಸಣ್ಣ ಕಪ್ಪು ನೊಣ ಹುಟ್ಟಿವೆ. ಒರೆಸಿದರೆ ಗೋಡೆಗೇ ಅಂಟಿಕೊಳ್ಳುತ್ತವೆ. ಡ್ಯೂಟಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಉಜ್ಜುತ್ತೇನೆ. ಆಮೇಲೆ ಕೈಯನ್ನು ಎಷ್ಟು ತೊಳೆದರೂ ಆ ಕೈಯಲ್ಲಿ ತುತ್ತು ಎತ್ತಲು ಆಗುವುದಿಲ್ಲ, ಚಮಚ ಹಿಡಿದು ತಿನ್ನುತ್ತಿದ್ದೇನೆ.

ಮಗಳಿಗೆ ಹೋದ ತಿಂಗಳು ಹದಿನೆಂಟಕ್ಕೆ ಹೆಣ್ಣು ಮಗುವಾಯಿತು. "ಅಮ್ಮಾ, ರೂಮು ರೆಡಿನಾ?" ಅಂತ ಫೋನಿನಲ್ಲಿ ಕೇಳಿದಳು. "ರೆಡಿ ಕಣೇ, ಬಣ್ಣಾನೂ ಹೊಡೆಸಿದೀನಿ" ಅಂದೆ. ನಿಮ್ಮ ದಯೆಯಿಂದ ಬಾಣಂತಿ ಮಗಳ ಹತ್ತಿರ ಸುಳ್ಳು ಹೇಳುವವಳಾದೆ.

ಬಾಡಿಗೆ ಇಳಿಸಿ ಅಂತ ನಾನು ಯಾವತ್ತೂ ಕೇಳಿಲ್ಲ, ಈಗಲೂ ಕೇಳುವುದಿಲ್ಲ. ಮೇಲಿನ ನೆಲ ಒಡೆದು ಸರಿಮಾಡುವವರೆಗೆ ಬಾಡಿಗೆಯನ್ನೇ ಕೊಡುವುದಿಲ್ಲ. ಗೋಡೆಯ ಒಳಗಿನದು ನಿಮ್ಮದು ಅಂದಿರಿ. ಒಳಗಿನದು ಈಗ ಹೊರಗೆ ಬಂದಿದೆ, ಬಂದು ತೆಗೆದುಕೊಂಡು ಹೋಗಿ.

ನಡು ಅಂತಸ್ತಿನ ಬಾಡಿಗೆದಾರಳು


11 ಮಾರ್ಚ್

ಬಾಡಿಗೆದಾರರಿಗೆ,

ನಿಮ್ಮ ಕಾಗದ ತಲುಪಿದೆ. ನೀವು ಬೇರೆಯವರು ಅಂತ ನೀವೇ ಹೇಳಿದ ಮೇಲೆ ನಾನೂ ಹಾಗೆಯೇ ಬರೆಯುತ್ತೇನೆ.

ನಗರಸಭೆಗೆ ಅರ್ಜಿ ಹಾಕಿದ್ದೇನೆ. ಏಪ್ರಿಲ್ ಎರಡರಂದು ಹನ್ನೆರಡು ಗಂಟೆಗೆ ಕಟ್ಟಡದ ಇನ್‌ಸ್ಪೆಕ್ಟರ್ ಬರುತ್ತಾರೆ. ಸೋರಿಕೆ ಮೇಲಿನ ಮನೆಯದು ಅಂತ ಅವರು ಬರೆದುಕೊಟ್ಟರೆ ಮರುದಿನವೇ ನೆಲ ಒಡೆಸುತ್ತೇನೆ. ಇಲ್ಲ ಅಂತ ಬರೆದರೆ ತಿಂಗಳ ಕೊನೆಗೆ ಮನೆ ಖಾಲಿ ಮಾಡಿ. ಇದಕ್ಕೆ ಒಪ್ಪಿಗೆಯೇ?

ಮಾಲೀಕರು


23 ಮಾರ್ಚ್

ಮಾಲೀಕರಿಗೆ,

ಒಪ್ಪಿಗೆ. ನೂರು ಸಲ ಒಪ್ಪಿಗೆ.

ನಿಮ್ಮ ಕಾಗದ ಕೈಗೆ ಬಂದ ದಿನದಿಂದ ಗೋಡೆ ಮುಟ್ಟಿಲ್ಲ. ನನ್ನ ತಪ್ಪು ನನಗೆ ಈಗ ತಿಳಿಯಿತು. ಪ್ರತಿ ಸಲವೂ ನಾನೇ ಸಾಕ್ಷಿಯನ್ನು ತೊಳೆದು ನಿಮಗೆ ಕಳಿಸುತ್ತಿದ್ದೆ. ಯಾರಾದರೂ ಬರುತ್ತಾರೆ ಅಂದರೆ ಕೈ ತಾನಾಗಿ ಬಟ್ಟೆ ಹುಡುಕುತ್ತದೆ, ಹುಟ್ಟುಗುಣ. ನಮ್ಮಮ್ಮನೂ ಹೀಗೇ, ಮಗಳೂ ಹೀಗೇ.

ಈ ಸಲ ತೊಳೆಯುವುದಿಲ್ಲ. ಇವತ್ತಿಗೆ ಎಂಟು ದಿನ. ಚಾವಣಿಯಿಂದ ಮಂಚದ ಎತ್ತರದವರೆಗೆ ಕಂದು ಬಣ್ಣದ ಲೋಳೆ ಇಳಿದು ನಿಂತಿದೆ. ಅಂಚಿನಲ್ಲಿ ಹಸಿರು ಬೂಷ್ಟು. ನೊಣ ಅದರೊಳಗೇ ಸಿಕ್ಕಿ ಸತ್ತಿವೆ. ಬಾಗಿಲು ಮುಚ್ಚಿ ಸಂದಿಗೆ ಬಟ್ಟೆ ತುರುಕಿದ್ದೇನೆ, ಆದರೂ ಅಡುಗೆಮನೆಗೆ ವಾಸನೆ ಬರುತ್ತದೆ. ನಿನ್ನೆ ಎರಡು ಸಲ ಬಕೆಟ್ ತುಂಬಿಸಿ, ಎರಡು ಸಲವೂ ಚೆಲ್ಲಿದೆ. ಬಟ್ಟೆ ವಿಭಾಗದಲ್ಲಿ ನನ್ನ ಕೈಕೆಳಗಿನ ಹುಡುಗಿಯರಿಗೆ ಒಂದು ಚುಕ್ಕೆ ಉಳಿದರೂ ಬೈಯುವವಳು ನಾನು. ಈಗ ಮನೆಯಲ್ಲಿ ಗಲೀಜು ಸಾಕುತ್ತಿದ್ದೇನೆ. ನಿಮ್ಮ ಮೇಲೆ ಎಷ್ಟು ಅಸಹ್ಯವೋ ಅಷ್ಟೇ ನನ್ನ ಮೇಲೂ ಆಗುತ್ತಿದೆ.

ಇನ್ನು ಹತ್ತು ದಿನ. ಇನ್‌ಸ್ಪೆಕ್ಟರ್ ಬಂದು ಹೋದ ಸಂಜೆ ತೊಳೆದು, ನೆಲ ಒಡೆಸಿ, ಹತ್ತನೇ ತಾರೀಕಿಗೆ ಮಗುವಿಗೆ ಒಣ ಕೋಣೆ ಮಾಡಿಕೊಡುತ್ತೇನೆ. ಬೇರೇನೂ ಬೇಡ ನನಗೆ.

ಬಾಡಿಗೆದಾರಳು


3 ಏಪ್ರಿಲ್

ಮಾಲೀಕರಿಗೆ,

ನಿನ್ನೆ ನಡೆದದ್ದು ಇನ್‌ಸ್ಪೆಕ್ಟರ್ ವರದಿಯಲ್ಲಿ ನಿಮಗೆ ತಲುಪಿಯೇ ತಲುಪುತ್ತದೆ. ವರದಿಯಲ್ಲಿ ಇಲ್ಲದ್ದನ್ನು ನಾನು ಬರೆಯುತ್ತೇನೆ.

ನಿಮ್ಮ ತಮ್ಮನ ಮಗ ಮಾರ್ಚ್ ಇಪ್ಪತ್ತೊಂಬತ್ತಕ್ಕೇ ಬೀಗ ಹಾಕಿಕೊಂಡು ಹೋದ. ಐದು ದಿನ ಮೇಲೆ ಒಂದು ಚೊಂಬು ನೀರೂ ಬಿದ್ದಿಲ್ಲ, ಚಾವಣಿ ಒಣಗಿತು. ತಾರೀಕು ಅವನಿಗೆ ಯಾರು ಹೇಳಿದರೋ ನಿಮಗೇ ಗೊತ್ತು. ಹೋಗಲಿ, ಚಾವಣಿ ಒಣಗಿದರೂ ಗೋಡೆಯ ಮೇಲೆ ಹದಿನೆಂಟು ದಿನದ ಗಲೀಜು ಹಾಗೇ ಇತ್ತು. ಅದೇ ಸಾಕು ಅಂದುಕೊಂಡು ಡ್ಯೂಟಿಗೆ ಹೋದೆ. ಹನ್ನೊಂದೂವರೆಗೆ ಅಪ್ಪಣೆ ಕೇಳಿ ಓಡಿ ಬಂದೆ.

ಮೆಟ್ಟಿಲಿನಲ್ಲೇ ಬ್ಲೀಚಿಂಗ್ ಪುಡಿಯ ವಾಸನೆ ಬಂತು. ಎರಡೆರಡು ಮೆಟ್ಟಿಲು ಹತ್ತಿ ಓಡಿದೆ.

ಮಗಳು ಬಂದಿದ್ದಳು. ಎಂಟು ದಿನ ಮುಂಚೆ, ನನಗೆ ಹೇಳದೆ, ಖುಷಿಪಡಿಸಬೇಕು ಅಂತ. ಅವಳ ಹತ್ತಿರ ಹಳೆಯ ಕೀಲಿ ಇತ್ತು. ಮಗುವನ್ನು ನಡುಮನೆಯಲ್ಲಿ ಮಲಗಿಸಿ ಚಿಕ್ಕ ಕೋಣೆಯ ಬಾಗಿಲು ತೆಗೆದವಳು ಅಲ್ಲೇ ಒಂದು ಸಲ ವಾಂತಿ ಮಾಡಿಕೊಂಡಳಂತೆ. ಆಮೇಲೆ ಸೆರಗು ಸಿಕ್ಕಿಸಿ ಬಕೆಟ್ ಹಿಡಿದಿದ್ದಾಳೆ. ಹೆರಿಗೆಯಾಗಿ ಆರು ವಾರ ಕಳೆದ ಹೆಣ್ಣು, ಮಂಚದ ಮೇಲೆ ಹತ್ತಿ ಚಾವಣಿಯವರೆಗೆ ಉಜ್ಜಿದ್ದಾಳೆ. ಕೊನೆಗೂ ಹೋಗದ ಜಾಗದ ಮೇಲೆ ಮಂಚದ ಕೆಳಗಿದ್ದ ನಿಮ್ಮ ಜಲಪಾತ ತೂಗುಹಾಕಿದ್ದಾಳೆ. "ಯಾರೋ ಇನ್‌ಸ್ಪೆಕ್ಟರ್ ಬರ್ತಾರಂತೆ, ಪಕ್ಕದ ಮನೆಯವ್ರು ಹೇಳಿದ್ರು. ನಿನ್ನ ಮರ್ಯಾದೆ ಹೋಗ್ಬಾರ್ದು ಅಂತ ಬೇಗ ಬೇಗ ಮಾಡ್ದೆ ಅಮ್ಮಾ" ಅಂದಳು.

ಅವಳ ಕೈಯಿಂದ ಬಕೆಟ್ ಇಸಿದುಕೊಂಡೆ. ನಾನೇ ಕಲಿಸಿದ ವಿದ್ಯೆ.

ಇನ್‌ಸ್ಪೆಕ್ಟರ್ ಹನ್ನೆರಡಕ್ಕೆ ಸರಿಯಾಗಿ ಬಂದರು. ಚಪ್ಪಲಿ ಹೊರಗೇ ಬಿಟ್ಟರು. ಚಾವಣಿ ಮುಟ್ಟಿದರು, ಒಣಗಿತ್ತು. ಗೋಡೆ ಮುಟ್ಟಿದರು, ತೇವವಿತ್ತು. "ಈಗ ತಾನೇ ತೊಳೆದ್ರಾ?" ಅಂತ ಮಗಳನ್ನು ಕೇಳಿದರು. "ಹೌದು ಸರ್" ಅಂದಳು ಹೆಮ್ಮೆಯಿಂದ. ಮೇಲೆ ಬೀಗ. ನಾನು ಬಾಯಿ ಬಡಿದುಕೊಂಡು ಹೇಳಿದೆ, ಪ್ಲಂಬರ್ ಮಾತು ಹೇಳಿದೆ, ನೊಣದ ಕಥೆ ಹೇಳಿದೆ. ಒಂದೇ ಒಂದು ನೊಣ ತೋರಿಸಲು ಸಿಗಲಿಲ್ಲ. "ಅಮ್ಮಾ, ಇಷ್ಟು ಚೊಕ್ಕಟವಾದ ಮನೇನ ನಾನು ಈ ವರ್ಷ ನೋಡಿಲ್ಲ" ಅಂದು ಬರೆದುಕೊಂಡು ಹೋದರು. ಸೋರಿಕೆ ಕಂಡುಬಂದಿಲ್ಲ. ಅತಿಯಾಗಿ ತೊಳೆದದ್ದರಿಂದ ಬಣ್ಣ ಕಿತ್ತುಬಂದಿದೆ.

ರಾತ್ರಿ ಎಂಟಕ್ಕೆ ನಿಮ್ಮ ತಮ್ಮನ ಮಗ ವಾಪಸು ಬಂದ. ಎಂಟೂವರೆಗೆ ಜಲಪಾತದ ಕೆಳಗಿನಿಂದ ನೀರು ಇಳಿಯಿತು. ಮಗಳು ಮಗುವನ್ನು ಎದೆಗೆ ಅವುಚಿಕೊಂಡು ನನ್ನ ಮುಖ ನೋಡಿದಳು.

ನಿಮಗೆ ಬಯ್ಯಬೇಕು ಅಂತ ಕೂತೆ. ಬೈಗುಳ ಕೂಡ ನಿಮ್ಮನ್ನು ಮುಟ್ಟಲು ಹೇಸುತ್ತಿದೆ.

ಬಾಡಿಗೆದಾರಳು


12 ಏಪ್ರಿಲ್

ಪ್ರೀತಿಯ ತಂಗಿಗೆ,

ಆದದ್ದಾಯಿತು, ನನ್ನ ಮನಸ್ಸಿನಲ್ಲಿ ಏನೂ ಇಲ್ಲ. ಇನ್‌ಸ್ಪೆಕ್ಟರ್ ಬರೆದದ್ದನ್ನು ಓದಿದ ಮೇಲೆ ನಿನಗೂ ಸಮಾಧಾನ ಆಗಿರಬೇಕು.

ಮಾತಿನಂತೆ ತಿಂಗಳ ಕೊನೆಗೆ ಮನೆ ಬಿಟ್ಟುಕೊಡು. ನಿಲ್ಲಿಸಿದ ಬಾಡಿಗೆಯನ್ನು, ಬಣ್ಣದ ಖರ್ಚನ್ನು ಮುಂಗಡದಲ್ಲಿ ಮುರಿದುಕೊಳ್ಳುತ್ತೇನೆ. ಇನ್ನು ಯಾರಿಗೂ ಬಾಡಿಗೆಗೆ ಕೊಡುವುದಿಲ್ಲ. ನಾನೇ ಬಂದು ಇರುತ್ತೇನೆ. ಕಿವಿಯ ದೊಡ್ಡ ಡಾಕ್ಟರು ಅಲ್ಲೇ ಇರುವುದು, ಮೇಲೆ ಸ್ವಂತ ತಮ್ಮನ ಮಗನಿದ್ದಾನೆ, ಕೂಗಿದರೆ ಇಳಿದು ಬರುತ್ತಾನೆ. ಈ ವಯಸ್ಸಿನಲ್ಲಿ ಇನ್ನೇನು ಬೇಕು?

ಹೋಗುವಾಗ ಮನೆ ತೊಳೆದು ಹೋಗು ಅಂತ ನಿನಗೆ ಬೇರೆ ಹೇಳಬೇಕಾಗಿಲ್ಲ. ನಿನ್ನ ಕೈಯ ಶುಚಿ ನನಗೆ ಗೊತ್ತಿಲ್ಲವೇ?

ಅಕ್ಕ


30 ಏಪ್ರಿಲ್

ಮಾಲೀಕರಿಗೆ,

ಕೀಲಿಯನ್ನು ಪಕ್ಕದ ಮನೆಯಾಕೆಯ ಹತ್ತಿರ ಕೊಟ್ಟಿದ್ದೇನೆ. ಊರಿನ ಆ ತುದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದೇ ಕೋಣೆ ಸಿಕ್ಕಿದೆ. ವಿಳಾಸ ಕೆಳಗಿದೆ, ಮುಂಗಡದಲ್ಲಿ ಉಳಿದದ್ದನ್ನು ಕಳಿಸಿ. ಇಡೀ ದಿನ ಸುತ್ತಿಗೆ ಸದ್ದು, ಗ್ರೀಸಿನ ವಾಸನೆ. ಆದರೆ ಗೋಡೆ ಒಣಗಿದೆ. ಮಗು ಮೊದಲ ದಿನವೇ ನಿದ್ದೆ ಮಾಡಿತು.

ಇವತ್ತು ಸಾಮಾನೆಲ್ಲ ಹೋದ ಮೇಲೆ ಖಾಲಿ ಮನೆಯಲ್ಲಿ ನಿಂತಿದ್ದೆ. ಮೂರು ಸಲ ಪೊರಕೆಗೆ ಕೈ ಹೋಯಿತು. ಮೂರು ಸಲವೂ ಹಿಂದಕ್ಕೆ ಎಳೆದುಕೊಂಡೆ. ಜೀವನದಲ್ಲಿ ಮೊದಲ ಸಲ ಗುಡಿಸದೆ ಒಂದು ಮನೆಯ ಬಾಗಿಲು ಹಾಕಿದ್ದೇನೆ. ನಿಮ್ಮ ಜಲಪಾತ ಇದ್ದಲ್ಲೇ ಇದೆ.

ಬಾಡಿಗೆದಾರಳಾಗಿದ್ದವಳು


18 ಜೂನ್

ತಂಗಿ,

ಈ ಕಾಗದವನ್ನು ನೀನು ಓದದೆ ಹರಿದು ಎಸೆದರೂ ನಾನು ಕೇಳುವಂತಿಲ್ಲ.

ನಾನು ಬಂದು ಮೂರು ವಾರವಾಯಿತು. ಮೆಟ್ಟಿಲಿಗೆ ಹತ್ತಿರ ಅಂತ ಹೇಳಿ ಹುಡುಗನೇ ಗೋಡೆಗೆ ಹೊಸ ಬಣ್ಣ ಬಳಿಸಿ ನನ್ನ ಮಂಚವನ್ನು ಚಿಕ್ಕ ಕೋಣೆಯಲ್ಲಿ ಹಾಕಿಸಿದ. ಕೋಣೆಯಲ್ಲಿ ಹನಿ ಬೀಳುವ ಸದ್ದು ನನಗೆ ಕೇಳಿಸುವುದಿಲ್ಲವಲ್ಲ. ಏನೋ ನಾತ, ಹಳೆಯ ಮನೆಯದು ಅಂದುಕೊಂಡೆ. ಒಂದು ಬೆಳಿಗ್ಗೆ ಎದ್ದಾಗ ತಲೆದಿಂಬು ಒದ್ದೆ. ಕೂದಲು ಒದ್ದೆ. ಕೈಯಲ್ಲಿ ಮುಟ್ಟಿ ಮೂಸಿದೆ. ನೀನು ಬರೆದಿದ್ದೆಯಲ್ಲ, ಮೂಸಬಾರದಿತ್ತು ಅಂತ. ಐದು ಸಲ ತಲೆಗೆ ಸ್ನಾನ ಮಾಡಿದೆ ತಂಗಿ. ಆದರೂ ಈಗಲೂ ಬಾಚಣಿಗೆ ಮುಟ್ಟಲು ಹೇಸಿಗೆಯಾಗುತ್ತದೆ.

ಕಷ್ಟಪಟ್ಟು ಮೇಲೆ ಹತ್ತಿ ಹೋದೆ. ಅವನು ಬಾಗಿಲನ್ನು ಅರ್ಧ ತೆಗೆದು ಏನೋ ಅಂದ. ನನಗೆ ಕೇಳಿಸಲಿಲ್ಲ. ಚೀಟಿಯಲ್ಲಿ ಬರೆದುಕೊಡು ಅಂದೆ. ಆ ಚೀಟಿ ನನ್ನ ಮುಂದೆಯೇ ಇದೆ: "ಅತ್ತೆ, ಹಳೇ ಬಿಲ್ಡಿಂಗು, ಬೆವರುತ್ತೆ."

ನಿನಗೆ ಹೇಳದೆ ಮುಚ್ಚಿಟ್ಟ ಒಂದು ಮಾತಿದೆ. ಮೇಲಿನ ಮನೆಯನ್ನು ಅವನ ಹೆಸರಿಗೆ ಬರೆದುಕೊಟ್ಟು ಎರಡು ವರ್ಷವಾಯಿತು. ಕೊನೆಗಾಲಕ್ಕೆ ನೋಡಿಕೊಳ್ಳುತ್ತಾನೆ ಅಂತ ಕೊಟ್ಟೆ. ಒಡೆ ಅಂತ ಹೇಳುವ ಹಕ್ಕೇ ನನಗೆ ಆಗ ಇರಲಿಲ್ಲ. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗಿ ನಿನ್ನ ಗೋಡೆ ಚೊಕ್ಕಟವಾಗಿದೆ ಅಂದುಕೊಂಡೆ. ಇನ್‌ಸ್ಪೆಕ್ಟರ್ ಬರುವ ತಾರೀಕನ್ನು ಅವನಿಗೆ ಹೇಳಿದ್ದೂ ನಾನೇ.

ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತೇನೆ. ಕೆಲಸಕ್ಕೆ ಬರುವ ಹೆಂಗಸು ಆ ಕೋಣೆಗೆ ಕಾಲಿಡುವುದಿಲ್ಲ ಅಂತಾಳೆ. ಮುಂದಿನ ವಾರ ಪಕ್ಕದ ಮನೆಯಾಕೆ ನನ್ನನ್ನು ನೋಡಲು ಬರುತ್ತೇನೆ ಅಂದಿದ್ದಾಳೆ, ಇದನ್ನು ನೋಡಿ ಏನಂದುಕೊಳ್ಳುತ್ತಾಳೋ. ನೀನು ಯಾವ ಪುಡಿ ಹಾಕಿ, ಯಾವ ಬ್ರಷ್ಷಿನಲ್ಲಿ ಉಜ್ಜುತ್ತಿದ್ದೆ? ಅಷ್ಟನ್ನು ಮಾತ್ರ ಬರೆ.

ಅಕ್ಕ ಅಂತ ಬರೆಯಲು ನನಗೂ ಕೈ ಏಳುತ್ತಿಲ್ಲ.


21 ಜೂನ್

ಅಕ್ಕಾ,

ಕಾಗದವನ್ನು ಹರಿಯಬೇಕು ಅಂತಲೇ ಒಡೆದೆ. ನಿಮ್ಮ ಮೇಲಿನ ಹೇಸಿಗೆ ನನಗೆ ಹೋಗಿಲ್ಲ, ಹೋಗುವುದೂ ಇಲ್ಲ. ನನ್ನ ಮೊಮ್ಮಗಳು ಮಲಗಬೇಕಾಗಿದ್ದ ಜಾಗ ಅದು.

ಆದರೆ ತಲೆದಿಂಬು ಒದ್ದೆಯಾಗಿತ್ತು ಅಂತ ಓದಿದಾಗ ಮಗಳು ನನ್ನ ಕೈಯಿಂದ ಕಾಗದ ತೆಗೆದುಕೊಂಡು ಪಕ್ಕಕ್ಕಿಟ್ಟಳು. "ಪಾಪ ಕಣಮ್ಮಾ, ಬರಿ" ಅಂದಳು. ಅವಳ ಮಾತಿಗೆ ಬರೆಯುತ್ತಿದ್ದೇನೆ.

ಮಂಚವನ್ನು ಇವತ್ತೇ ನಡುಮನೆಗೆ ಎಳೆಸಿ. ನಾನು ಹಾಕುತ್ತಿದ್ದದ್ದು ಬ್ಲೀಚಿಂಗ್ ಪುಡಿ, ಬಕೆಟ್ಟಿಗೆ ಎರಡು ಚಮಚ. ಉಜ್ಜುತ್ತಿದ್ದದ್ದು ತೆಂಗಿನ ನಾರಿನಲ್ಲಿ. ಕೇಳಿದಿರಿ, ಹೇಳಿದ್ದೇನೆ.

ಈಗ ನನ್ನ ಮಾತು ಕೇಳಿ. ತೊಳೆಯಬೇಡಿ. ಪಕ್ಕದ ಮನೆಯಾಕೆ ಬಂದರೂ ತೊಳೆಯಬೇಡಿ, ಬಂದ ತಕ್ಷಣ ಆ ಕೋಣೆಗೇ ಕರೆದುಕೊಂಡು ಹೋಗಿ. ನಗರಸಭೆಗೆ ಇನ್ನೊಂದು ಅರ್ಜಿ ಹಾಕಿ, ತಾರೀಕನ್ನು ಮೇಲಿನವನಿಗೆ ಹೇಳಬೇಡಿ. ನನಗೆ ಹೇಳಿ. ಆ ದಿನ ರಜೆ ಹಾಕಿ ಬೆಳಿಗ್ಗೆಯೇ ಬಂದು ಚಿಕ್ಕ ಕೋಣೆಯ ಬಾಗಿಲಲ್ಲಿ ಕೂರುತ್ತೇನೆ, ಬಕೆಟ್ ಹಿಡಿದು ಯಾರೂ ಒಳಗೆ ಹೋಗದ ಹಾಗೆ. ನೀವು ನನ್ನ ಕೈ ಹಿಡಿದುಕೊಂಡಿರಿ, ಇಲ್ಲದಿದ್ದರೆ ನಾನೇ ತೊಳೆದುಬಿಡುತ್ತೇನೆ.

ಬರುವಾಗ ನಿಮ್ಮ ತಲೆಗೆ ಒಳ್ಳೆಯ ಸೋಪು ತರುತ್ತೇನೆ. ಆ ಜಲಪಾತವನ್ನು ಮಾತ್ರ ಅಷ್ಟರೊಳಗೆ ಗೋಡೆಯಿಂದ ಇಳಿಸಿಡಿ.

ತಂಗಿ